ಶಿಲುಬೆಯೇ ನಮ್ಮ ಬೋಧನೆಯ ಕೇಂದ್ರ

(ದೇವಾಲಯದ ಶತಮಾನೋತ್ಸವದ ಸಿದ್ಧತೆಗಾಗಿ ನಡೆದ ಮೂರು ದಿನಗಳ ಧ್ಯಾನಕೂಟದ ಮುಕ್ತಾಯದಲ್ಲಿ, ಸೆಪ್ಟೆಂಬರ್ 14ರಂದು, ಪವಿತ್ರ ಶಿಲುಬೆಯ ಮಹಿಮೋತ್ಸವದ ಸಂಜೆ ವಿಚಾರಣಾ ಗುರುಗಳು ಮಾಡಿದ ಉಪನ್ಯಾಸ)



ಇಂದು ಧರ್ಮಸಭೆಯು ಪವಿತ್ರ ಶಿಲುಬೆಯ ಮಹಿಮೋತ್ಸವವನ್ನು ಆಚರಿಸುತ್ತಿದೆ. ಪ್ರಭು ಪ್ರಾಣಬಿಟ್ಟ ಸ್ಥಳವನ್ನೂ ಅವರನ್ನು ಇರಿಸಿದ ಸಮಾಧಿಯನ್ನೂ ಒಳಗೊಂಡಂತೆ ಚಕ್ರವರ್ತಿ ಕಾನ್‌ಸ್ಟಂಟೈನನು ಜೆರುಸಲೇಮಿನಲ್ಲಿ ಕಟ್ಟಿಸಿದ ದೇವಾಲಯವು ಕ್ರಿ.ಶ. 335ರಲ್ಲಿ ಪ್ರತಿಷ್ಠೆಗೊಂಡಿತು. ಆ ಪ್ರತಿಷ್ಠೆಯ ನೆನಪಿನಿಂದ ಬೆಳೆದುಬಂದ ಹಬ್ಬವಿದು. ನಮ್ಮ ಈ ಚಿಕ್ಕ ದೇವಾಲಯಕ್ಕೆ ನೂರು ವರ್ಷ ತುಂಬುತ್ತಿರುವ ಸಂದರ್ಭದಲ್ಲಿ, ಇದೇ ಹಬ್ಬದ ದಿನ ನಾವೆಲ್ಲರೂ ಇಲ್ಲಿ ಒಂದುಗೂಡಿರುವುದು ದೈವಾನುಗ್ರಹವೆಂದೇ ಭಾವಿಸುತ್ತೇವೆ.

ನೂರು ವರ್ಷಗಳೆಂದರೆ, ಭಾನುವಾರಗಳನ್ನು ಮಾತ್ರ ಎಣಿಸಿದರೂ, 5,200ಕ್ಕೂ ಹೆಚ್ಚು ಉಪದೇಶಗಳಾದುವು. ಪೂಜೆ ಲತೀನ್ ಭಾಷೆಯಲ್ಲಿ ನಡೆಯುತ್ತಿದ್ದ ಕಾಲದಲ್ಲಿಯೂ ಉಪದೇಶ ಮಾತ್ರ ನಿಮ್ಮ ಹಿರಿಯರ ಮಾತಿನಲ್ಲಿಯೇ ನಡೆಯಬೇಕಾಗಿತ್ತು. ಹೊರನಾಡುಗಳಿಂದ ಬಂದ ಗುರುಗಳು ತಡವರಿಸುತ್ತ ಕಲಿತ ಕನ್ನಡದಲ್ಲಿ ಹೇಳಿದರು; ಅನಂತರ ಈ ನಾಡಿನ ಮಕ್ಕಳೇ ಗುರುಗಳಾಗಿ ಬಂದು ಹೇಳಿದರು. ಆ ಉಪದೇಶಗಳಲ್ಲಿ ನಿಮಗೆ ಎಷ್ಟು ನೆನಪಿದೆಯೆಂದು ಕೇಳುವ ಧೈರ್ಯ ನಮಗಿಲ್ಲ. ನಾವು ಮಾಡಿದ ಉಪದೇಶಗಳೇ ನಮಗೆ ನೆನಪಿರುವುದಿಲ್ಲ. ಆದರೆ ಒಂದು ಪ್ರಶ್ನೆಯನ್ನು ಈ ವರ್ಷ ಕೇಳಲೇಬೇಕಾಗಿದೆ. ಈ ಪೀಠದಿಂದ ಹೊರಟ ಸಾವಿರಾರು ಉಪದೇಶಗಳಿಗೆ ಕೇಂದ್ರವೆಂಬುದೊಂದು ಇತ್ತೇ? ಇದ್ದರೆ ಅದು ಯಾವುದು?

ಸಂತ ಪೌಲರು ಈ ಪ್ರಶ್ನೆಗೆ ಸಂಶಯಕ್ಕೆ ಎಡೆಯಿಲ್ಲದಂತೆ ಉತ್ತರ ಕೊಟ್ಟಿದ್ದಾರೆ. ಕೊರಿಂಥದ ಕ್ರೈಸ್ತರಿಗೆ ಬರೆದ ಮೊದಲನೆಯ ಪತ್ರದಲ್ಲಿ ಅವರು, ತಾವು ಆ ಪಟ್ಟಣಕ್ಕೆ ಬಂದಾಗ ಯೇಸುಕ್ರಿಸ್ತರನ್ನು, ಅದರಲ್ಲಿಯೂ ಶಿಲುಬೆಗೇರಿದ ಕ್ರಿಸ್ತರನ್ನು ಬಿಟ್ಟು ಬೇರೇನನ್ನೂ ತಿಳಿಯಬಾರದೆಂದು ಸಂಕಲ್ಪ ಮಾಡಿಕೊಂಡಿದ್ದುದಾಗಿ ಹೇಳುತ್ತಾರೆ. ಈ ಸಂಜೆ ಆ ಪತ್ರವನ್ನೇ ನಮ್ಮ ಕೈದೀವಿಗೆಯಾಗಿ ಹಿಡಿದು ನಡೆಯೋಣ.

ಮೊದಲು, ಆ ಮಾತನ್ನು ಕೇಳಿದವರ ಕಿವಿಗೆ ಶಿಲುಬೆಯೆಂದರೆ ಏನಾಗಿತ್ತೆಂಬುದನ್ನು ಅರಿಯಬೇಕು. ನಾವು ಶಿಲುಬೆಯನ್ನು ಚಿನ್ನದಲ್ಲಿ ಮಾಡಿ ಕೊರಳಿಗೆ ಹಾಕಿಕೊಳ್ಳುತ್ತೇವೆ; ಹೂವಿನ ಹಾರದಿಂದ ಅಲಂಕರಿಸುತ್ತೇವೆ; ಗೋಪುರದ ತುದಿಯಲ್ಲಿ ವಿದ್ಯುದ್ದೀಪಗಳಿಂದ ಬೆಳಗಿಸುತ್ತೇವೆ. ಇದು ತಪ್ಪಲ್ಲ, ಪ್ರೀತಿಯಿಂದ ಮಾಡುವ ಕಾರ್ಯ. ಆದರೆ ಅಂದಿನ ರೋಮನ್ ಸಾಮ್ರಾಜ್ಯದಲ್ಲಿ ಶಿಲುಬೆಯು ದಾಸರಿಗೂ ದಂಗೆಕೋರರಿಗೂ ಮೀಸಲಾದ ಮರಣದಂಡನೆಯ ಕಂಬವಾಗಿತ್ತು. ಕ್ರಿ.ಪೂ. 71ರಲ್ಲಿ ಸ್ಪಾರ್ಟಕಸನ ನಾಯಕತ್ವದ ದಾಸರ ದಂಗೆಯನ್ನು ಅಡಗಿಸಿದ ಮೇಲೆ, ಸೆರೆಸಿಕ್ಕ ಸುಮಾರು 6,000 ಮಂದಿಯನ್ನು ಕಾಪುವಾದಿಂದ ರೋಮಿಗೆ ಹೋಗುವ ಹೆದ್ದಾರಿಯುದ್ದಕ್ಕೂ ಶಿಲುಬೆಗೇರಿಸಿದರು. ರೋಮಿನ ಪ್ರಸಿದ್ಧ ವಾಗ್ಮಿ ಸಿಸೆರೋ, ಆ ದಂಡನೆಯ ಹೆಸರು ಕೂಡ ರೋಮನ್ ಪ್ರಜೆಯ ಕಣ್ಣು, ಕಿವಿ, ಮನಸ್ಸುಗಳಿಂದ ದೂರವಿರಬೇಕೆಂದು ವಾದಿಸಿದ್ದನು. ಯೆಹೂದ್ಯರಿಗಾದರೋ ಮರಕ್ಕೆ ತೂಗುಹಾಕಲ್ಪಟ್ಟವನು ದೇವರ ಶಾಪಕ್ಕೆ ಗುರಿಯಾದವನೆಂಬುದು ಧರ್ಮಶಾಸ್ತ್ರದ ಮಾತು.

1968ರಲ್ಲಿ ಜೆರುಸಲೇಮಿನ ಹೊರವಲಯದ ಸಮಾಧಿಯೊಂದರಲ್ಲಿ ಒಬ್ಬ ಯುವಕನ ಎಲುಬುಗಳು ದೊರೆತುವು. ಪ್ರಭುವಿನ ಕಾಲದ ಶತಮಾನಕ್ಕೆ ಸೇರಿದ ಆತನ ಹಿಮ್ಮಡಿಯ ಮೂಳೆಯಲ್ಲಿ ಕಬ್ಬಿಣದ ಮೊಳೆಯು ಹಾಗೆಯೇ ಉಳಿದಿತ್ತು. ಪಾಡುಗಳ ವೃತ್ತಾಂತವನ್ನು ವರ್ಷವರ್ಷವೂ ಕೇಳಿ ನಮ್ಮ ಕಿವಿಗಳು ಪಳಗಿಹೋಗಿವೆ; ಆ ಮೂಳೆಯ ಚಿತ್ರವನ್ನು ಕಂಡಾಗ ಮಾತ್ರ ಅದು ಮಾನವ ಶರೀರವೊಂದಕ್ಕೆ ನಿಜವಾಗಿಯೂ ನಡೆದ ಸಂಗತಿಯೆಂದು ನಾವು ಬೆಚ್ಚಿಬಿದ್ದೆವು. ರೋಮಿನ ಪಲಾಟಿನ್ ಗುಡ್ಡದಲ್ಲಿ 1857ರಲ್ಲಿ ಪತ್ತೆಯಾದ ಒಂದು ಹಳೆಯ ಗೋಡೆಗೀಚಿನಲ್ಲಿ, ಶಿಲುಬೆಯ ಮೇಲೆ ಕತ್ತೆಯ ತಲೆಯುಳ್ಳ ಮನುಷ್ಯನೊಬ್ಬನಿದ್ದಾನೆ. ಕೆಳಗೆ ಮತ್ತೊಬ್ಬನು ಕೈಯೆತ್ತಿ ನಿಂತಿದ್ದಾನೆ. ಅಲೆಕ್ಸಮೆನೊಸನು ತನ್ನ ದೇವರನ್ನು ಆರಾಧಿಸುತ್ತಿದ್ದಾನೆಂಬ ಅರ್ಥದ ಬರೆಹವೂ ಅಲ್ಲಿದೆ. ನಮ್ಮ ವಿಶ್ವಾಸದ ಪೂರ್ವಜನೊಬ್ಬನನ್ನು ಅವನ ಜೊತೆಯವರು ಹೀಗೆ ಹಂಗಿಸಿದ್ದರು. ಶಿಲುಬೆಗೇರಿದವನನ್ನು ದೇವರೆನ್ನುವುದು ಅಂದು ನಗೆಪಾಟಲಿನ ಮಾತಾಗಿತ್ತು.

ಈ ನಗೆಪಾಟಲನ್ನು ಬಲ್ಲವರಾಗಿಯೇ ಪೌಲರು ಕೊರಿಂಥಕ್ಕೆ ಬಂದರು. ಅದಕ್ಕೆ ಮುಂಚೆ ಅವರು ಅಥೆನ್ಸ್ ಪಟ್ಟಣದ ವಿದ್ವಾಂಸರ ಮುಂದೆ ಮಾತಾಡಿದ್ದರು. ಪ್ರೇಷಿತರ ಕಾರ್ಯಕಲಾಪಗಳ ಗ್ರಂಥದಲ್ಲಿ ಆ ಭಾಷಣವಿದೆ. ಸೃಷ್ಟಿಕರ್ತನನ್ನು ಕುರಿತು, ಮಾನವಕುಲದ ಏಕತೆಯನ್ನು ಕುರಿತು, ಮೃತರಲ್ಲಿಂದ ಎದ್ದ ಒಬ್ಬರನ್ನು ಕುರಿತು ಅದರಲ್ಲಿ ಸೊಗಸಾದ ಮಾತುಗಳಿವೆ; ಆದರೆ ನಮಗೆ ದೊರೆತಿರುವ ಪಾಠದಲ್ಲಿ ಶಿಲುಬೆಯ ಹೆಸರಿಲ್ಲ. ಆ ಭಾಷಣ ವ್ಯರ್ಥವಾಯಿತೆಂದು ನಾವು ಹೇಳುವುದಿಲ್ಲ. ದಿಯೊನಿಸಿಯ, ದಾಮರಿಯೆಂಬವರೂ ಇನ್ನು ಕೆಲವರೂ ಅಂದು ವಿಶ್ವಾಸಿಸಿದರು. ಆದರೂ ಅಲ್ಲಿಂದ ಹೊರಟ ಪೌಲರು ಕೊರಿಂಥಕ್ಕೆ ಬಂದುದು ಬಲಹೀನರಾಗಿ, ಭಯದಿಂದ, ನಡುಗುತ್ತ. ಇದನ್ನು ಅವರೇ ಬರೆದಿದ್ದಾರೆ.

ಕೊರಿಂಥವು ಎರಡು ಬಂದರುಗಳ ಪಟ್ಟಣ. ಕ್ರಿ.ಪೂ. 146ರಲ್ಲಿ ರೋಮನರಿಂದ ನೆಲಸಮವಾಗಿ, ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರನ ಅಪ್ಪಣೆಯಂತೆ ಮತ್ತೆ ನೆಲೆಗೊಂಡ ಊರು. ದಾಸ್ಯದಿಂದ ಬಿಡುಗಡೆ ಹೊಂದಿದವರು, ವ್ಯಾಪಾರಿಗಳು, ನಾವಿಕರು ಬಂದು ಸೇರಿದ ಸ್ಥಳ. ಹಳೆಯ ಮನೆತನದ ಹೆಮ್ಮೆಗಿಂತ ಹೊಸ ಹಣದ ಹೆಮ್ಮೆಯೇ ಅಲ್ಲಿ ದೊಡ್ಡದು. ಕ್ರಿ.ಶ. 51ರ ಆಸುಪಾಸಿನಲ್ಲಿ ಪೌಲರು ಅಲ್ಲಿದ್ದರೆಂದು, ದೆಲ್ಫಿಯಲ್ಲಿ ಸಿಕ್ಕಿದ ಶಾಸನವೊಂದರಲ್ಲಿರುವ ರಾಜ್ಯಪಾಲ ಗಲ್ಲಿಯೋನನ ಹೆಸರಿನ ಆಧಾರದಿಂದ ವಿದ್ವಾಂಸರು ಗೊತ್ತುಮಾಡಿದ್ದಾರೆ. ಅಕ್ವಿಲ ಮತ್ತು ಪ್ರಿಸ್ಕಿಲ್ಲರ ಮನೆಯಲ್ಲಿ ಡೇರೆಗಳನ್ನು ಹೊಲಿಯುತ್ತ, ಒಂದೂವರೆ ವರ್ಷ ಅಲ್ಲಿ ನೆಲಸಿ ಅವರು ಬೋಧಿಸಿದರು. ಯೆಹೂದ್ಯರು ಅದ್ಭುತ ಚಿಹ್ನೆಯನ್ನು ಕೇಳಿದರು. ಗ್ರೀಕರು ಜ್ಞಾನವನ್ನು ಅರಸಿದರು. ಪೌಲರು ಕೊಟ್ಟುದು ಶಿಲುಬೆಗೇರಿದ ಕ್ರಿಸ್ತರನ್ನು. ಮೊದಲಿನವರಿಗೆ ಅದು ಎಡವುಗಲ್ಲು, ಎರಡನೆಯವರಿಗೆ ಹುಚ್ಚುಮಾತು. ಕರೆಹೊಂದಿದವರಿಗಾದರೋ ದೇವರ ಶಕ್ತಿ, ದೇವರ ಜ್ಞಾನ.

ಇದು ಪೌಲರೊಬ್ಬರ ಒಲವಲ್ಲ. ಸಂತ ಮಾರ್ಕನ ಶುಭಸಂದೇಶದ 16 ಅಧ್ಯಾಯಗಳಲ್ಲಿ 11ನೆಯ ಅಧ್ಯಾಯದಿಂದ ಮುಂದಿನ ಭಾಗವು ಬಹುಮಟ್ಟಿಗೆ ಆ ಕೊನೆಯ ವಾರದ ವೃತ್ತಾಂತವೇ. ಪಂಚಾಶತ್ತಮ ಹಬ್ಬದಂದು ಸಂತ ಪೇತ್ರನು ಮಾಡಿದ ಮೊಟ್ಟಮೊದಲ ಉಪದೇಶದ ತಿರುಳು, ನೀವು ಶಿಲುಬೆಗೇರಿಸಿದ ಯೇಸುವನ್ನು ದೇವರು ಎಬ್ಬಿಸಿ ಪ್ರಭುವನ್ನಾಗಿ ಮಾಡಿದ್ದಾರೆಂಬುದು. ಶಿಲುಬೆಯನ್ನೂ ಪುನರುತ್ಥಾನವನ್ನೂ ಅಗಲಿಸಿ ಬೋಧಿಸುವಂತಿಲ್ಲ. ಭಾರತಕ್ಕೆ ಶುಭಸಂದೇಶವನ್ನು ತಂದರೆಂದು ಪರಂಪರೆಯು ಹೇಳುವ ಸಂತ ತೋಮರು ಪುನರುತ್ಥಾನಿಯನ್ನು ಗುರುತಿಸಿದುದು ಯಾವುದರಿಂದ? ಗಾಯಗಳಿಂದಲ್ಲವೇ? ಮಹಿಮೆಯ ಶರೀರದಲ್ಲಿಯೂ ಪ್ರಭು ಆ ಗಾಯಗಳನ್ನು ಉಳಿಸಿಕೊಂಡಿದ್ದರು.

ಪ್ರಿಯರೇ, ಇಷ್ಟು ಸ್ಪಷ್ಟವಾದ ವಿಷಯದಲ್ಲಿ ಬೋಧಕನು ದಾರಿ ತಪ್ಪುವುದು ಹೇಗೆ? ಎರಡು ಬಗೆಯಲ್ಲಿ ತಪ್ಪುತ್ತಾನೆ. ಪುಸ್ತಕದಿಂದ ಓದಿ ಇದನ್ನು ಹೇಳುತ್ತಿಲ್ಲ. ಎರಡೂ ತಪ್ಪುಗಳನ್ನು ನಾವು ಮಾಡಿದ್ದೇವೆ.

ಮೊದಲನೆಯದು, ಶಿಲುಬೆಯನ್ನು ಮರೆಮಾಡುವುದು. ಗುರುಮಠದಿಂದ ಹೊರಬಂದ ಹೊಸತರಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರಗಳ ಪಾಠ ನಮ್ಮ ತಲೆಯಲ್ಲಿ ತುಂಬಿ ತುಳುಕುತ್ತಿತ್ತು. ನಮ್ಮ ಮೊದಲ ಧರ್ಮಕೇಂದ್ರದಲ್ಲಿ ಹತ್ತು ವರ್ಷದ ಹುಡುಗನೊಬ್ಬನು ಕೆರೆಯಲ್ಲಿ ಮುಳುಗಿ ತೀರಿಕೊಂಡನು. ಮಣ್ಣು ಮಾಡುವ ಮುನ್ನ ನಡೆದ ಪೂಜೆಯಲ್ಲಿ ನಾವು ಆತ್ಮದ ಅಮರತ್ವವನ್ನು ಕುರಿತು, ಕಾಲದ ಕ್ಷಣಿಕತೆಯನ್ನು ಕುರಿತು ಸುಮಾರು ಅರ್ಧ ಗಂಟೆ ಮಾತಾಡಿದೆವು. ಚೆನ್ನಾಗಿ ಮಾತಾಡಿದೆವೆಂಬ ತೃಪ್ತಿಯೂ ಇತ್ತು. ಸ್ಮಶಾನದಿಂದ ಹಿಂದಿರುಗುವಾಗ ಆ ಊರಿನ ವೃದ್ಧ ಉಪದೇಶಿಗಳು ನಮ್ಮ ಪಕ್ಕದಲ್ಲಿ ಬಹುದೂರ ಮಾತಿಲ್ಲದೆ ನಡೆದುಬಂದರು. ಆಮೇಲೆ, "ಸ್ವಾಮಿ, ತಪ್ಪು ತಿಳಿಯಬೇಡಿ. ತಾವು ಹೇಳಿದ್ದೆಲ್ಲಾ ಚೆನ್ನಾಗಿತ್ತು. ಆದರೆ ಮಗನನ್ನು ಕಳಕೊಂಡ ತಾಯಿ ಎದುರಿಗೇ ಕೂತಿದ್ದಳು. ನಮ್ಮ ಯೇಸುಸ್ವಾಮಿನೂ ಸತ್ತರು, ಅವರ ತಾಯಿನೂ ನಿಂತು ನೋಡಿದಳು ಅನ್ನೋ ಮಾತೊಂದು ಮಾತ್ರ ಬರಲಿಲ್ಲ" ಎಂದರು.

ಆ ಮಾತಿಗೆ ನಾವು ಉತ್ತರ ಕೊಡಲಾರದೆ ಹೋದೆವು. ನಮ್ಮ ಗುರುದೀಕ್ಷೆಯ ದಿನ ಧರ್ಮಾಧ್ಯಕ್ಷರು ರೊಟ್ಟಿಯ ತಟ್ಟೆಯನ್ನೂ ದ್ರಾಕ್ಷಾರಸದ ಪಾತ್ರೆಯನ್ನೂ ನಮ್ಮ ಕೈಯಲ್ಲಿಟ್ಟು, ಪ್ರಭುವಿನ ಶಿಲುಬೆಯ ರಹಸ್ಯಕ್ಕೆ ಅನುಗುಣವಾಗಿ ಬಾಳನ್ನು ರೂಪಿಸಿಕೊಳ್ಳಬೇಕೆಂದು ಆಜ್ಞಾಪಿಸಿದ್ದರು. ಅದನ್ನು ನೆನಪಿಸಲು ನಾಲ್ಕನೆಯ ತರಗತಿಯವರೆಗೆ ಓದಿದ ಉಪದೇಶಿಗಳೊಬ್ಬರು ಬೇಕಾಯಿತು. ದೇವರು ದುಃಖವನ್ನು ದೂರದಿಂದ ನೋಡಿ ವಿವರಣೆ ಕೊಡುವವರಲ್ಲ. ಅದರೊಳಗೆ ಇಳಿದು ಬಂದವರು. ಈ ಒಂದು ಮಾತನ್ನು ಹೇಳದ ಉಪದೇಶವು ಎಷ್ಟು ಸೊಗಸಾಗಿದ್ದರೂ ಅದು ಕ್ರೈಸ್ತ ಉಪದೇಶವೇ ಅಲ್ಲ.

ಎರಡನೆಯ ತಪ್ಪು ಇದಕ್ಕಿಂತಲೂ ಕೆಟ್ಟದು. ಅದು ಶಿಲುಬೆಯನ್ನು ಎತ್ತಿ ಇತರರ ಹೆಗಲ ಮೇಲೆ ಹೊರಿಸುವುದು. ಹಲವು ವರ್ಷಗಳ ಹಿಂದೆ, ಬೇರೊಂದು ಊರಿನಲ್ಲಿ, ಕೂಲಿ ಮಾಡುವ ಹೆಣ್ಣುಮಗಳೊಬ್ಬಳು ಗುರುಮನೆಯ ಜಗಲಿಗೆ ಬಂದು ನಿಂತಳು. ಬಟವಾಡೆಯ ದಿನ ಗಂಡ ಕುಡಿದು ಬಂದು ಹೊಡೆಯುತ್ತಾನೆಂದು ಹೇಳಿಕೊಂಡಳು. ನಾವು ಪೂಜೆಗೆ ಹೊರಡುವ ಅವಸರದಲ್ಲಿದ್ದೆವು. "ಅಮ್ಮಾ, ಇದು ದೇವರು ನಿನಗೆ ಕೊಟ್ಟ ಶಿಲುಬೆ. ತಾಳ್ಮೆಯಿಂದ ಹೊತ್ತುಕೋ" ಎಂದು ಹೇಳಿ ಕಳುಹಿಸಿದೆವು. ಕೆಲವು ತಿಂಗಳುಗಳ ಮೇಲೆ ಆಕೆ ಕೈ ಮುರಿದುಕೊಂಡು ಆಸ್ಪತ್ರೆ ಸೇರಿದಳೆಂದು ತಿಳಿದು ನೋಡಲು ಹೋದೆವು. ಆಕೆ ನಮ್ಮನ್ನು ದೂರಲಿಲ್ಲ. "ತಾವು ಹೇಳಿದ ಹಾಗೇ ಹೊತ್ತೆ, ಸ್ವಾಮಿ" ಎಂದಳು.

ಸಹೋದರ ಸಹೋದರಿಯರೇ, ಆ ಮಾತನ್ನು ನಾವು ಇಂದಿಗೂ ಮರೆತಿಲ್ಲ. ಕನ್ಯಾಸ್ತ್ರೀಯರ ನೆರವಿನಿಂದ ಆಕೆಯನ್ನೂ ಮಕ್ಕಳನ್ನೂ ಆಕೆಯ ಅಣ್ಣನ ಮನೆ ಸೇರಿಸಿದೆವು. ಆದರೆ ಮುರಿದ ಕೈ ಮೊದಲಿನಂತಾಗಲಿಲ್ಲ. ಪ್ರಭು ತಮ್ಮ ಶಿಲುಬೆಯನ್ನು ತಾವಾಗಿಯೇ, ಪ್ರೀತಿಯಿಂದ, ಇತರರ ಬಿಡುಗಡೆಗಾಗಿ ಹೊತ್ತರು. ಸಿರೇನಿನ ಸಿಮೋನನ ಹೆಗಲಿಗೆ ಶಿಲುಬೆಯನ್ನು ಬಲವಂತವಾಗಿ ಏರಿಸಿದವರು ಪ್ರಭುವಲ್ಲ, ಸೈನಿಕರು. ಅಂದು ಆ ಜಗಲಿಯ ಮೇಲೆ ನಾವು ಯಾರ ಪಾತ್ರವನ್ನು ವಹಿಸಿದೆವೆಂದು ನಮ್ಮನ್ನೇ ಕೇಳಿಕೊಂಡೆವು. ಪೆಟ್ಟು ತಿನ್ನುವವರಿಗೆ ತಾಳ್ಮೆಯನ್ನೂ ಪೆಟ್ಟು ಕೊಡುವವರಿಗೆ ಮೌನವನ್ನೂ ಕೊಡುವ ಬೋಧನೆಗೆ ಶಿಲುಬೆಯ ಹೆಸರಿಡುವುದು ಪಾಪ. ಈ ದೇವಾಲಯದ ಗುರುಗಳಾಗಿ ಇದನ್ನು ಇಂದು ಎಲ್ಲರ ಮುಂದೆ ಹೇಳುತ್ತೇವೆ: ನಿಮ್ಮಲ್ಲಿ ಯಾರಾದರೂ ಅಂಥ ಮಾತನ್ನು ಕೇಳಿ ಮನೆಗೆ ಹಿಂದಿರುಗಿದ್ದರೆ, ದಯವಿಟ್ಟು ಮತ್ತೆ ಬನ್ನಿ. ಈ ಬಾರಿ ಅವಸರ ಮಾಡುವುದಿಲ್ಲ.

ಹಾಗಾದರೆ ಶಿಲುಬೆಯನ್ನು ಸರಿಯಾಗಿ ಸಾರುವುದೆಂದರೇನು? ಅದು ಮೊದಲು ನಾವು ಹೊರಬೇಕಾದ ಭಾರವಲ್ಲ, ದೇವರು ನಮಗಾಗಿ ಮಾಡಿದ ಕಾರ್ಯ ಎಂದು ಸಾರುವುದು. ಪಾಪಿಯಾದ ನನ್ನನ್ನು ದೇವರು ಎಷ್ಟು ಪ್ರೀತಿಸಿದರೆಂಬುದಕ್ಕೆ ಅದು ಸಾಕ್ಷಿ. ಆ ಪ್ರೀತಿಯನ್ನು ಅರಿತವನು ಮಾತ್ರ ಆಮೇಲೆ ತನ್ನ ಶಿಲುಬೆಯನ್ನು ಸ್ವಂತ ಮನಸ್ಸಿನಿಂದ ಎತ್ತಿಕೊಳ್ಳಬಲ್ಲನು. ಇನ್ನೊಬ್ಬರ ಶಿಲುಬೆಗೂ ಹೆಗಲು ಕೊಡಬಲ್ಲನು.

ಈಗ ನಮ್ಮ ಧರ್ಮಕೇಂದ್ರದ ವಿಷಯಕ್ಕೆ ಬರುತ್ತೇವೆ. ಪೌಲರು ಶಿಲುಬೆಯ ಮಾತನ್ನು ಎತ್ತಿದುದು ಯಾವ ಸಂದರ್ಭದಲ್ಲಿ ಎಂಬುದನ್ನು ಗಮನಿಸಿರಿ. ಕೊರಿಂಥದ ಸಭೆಯಲ್ಲಿ ಪಂಗಡಗಳಾಗಿದ್ದುವು. ಒಬ್ಬನು ತಾನು ಪೌಲನ ಕಡೆಯವನೆಂದನು, ಮತ್ತೊಬ್ಬನು ಅಪೊಲ್ಲೋಸನ ಕಡೆಯವನೆಂದನು, ಮಗದೊಬ್ಬನು ಕೇಫನ ಕಡೆಯವನೆಂದನು. ನಿಮಗಾಗಿ ಶಿಲುಬೆಗೇರಿದವನು ಪೌಲನೋ ಎಂದು ಅವರು ಕೇಳಿದರು. ಆ ಪ್ರಶ್ನೆಯ ಮುಂದೆ ಯಾವ ಪಂಗಡವೂ ನಿಲ್ಲಲಾರದು.

ನಮ್ಮಲ್ಲಿಯೂ ಮೇಲಿನ ಬೀದಿ, ಕೆಳಗಿನ ಬೀದಿಗಳಿವೆ. ಶತಮಾನೋತ್ಸವದ ಶಿಲಾಫಲಕದ ಮೇಲೆ ಯಾರ ಹೆಸರು ಮೊದಲು ಬರಬೇಕೆಂಬ ಚರ್ಚೆಯಲ್ಲಿ ಮೂರು ಸಂಜೆಗಳು ಕಳೆದುವು. ಎರಡು ಮನೆಯವರು ಇನ್ನೂ ಪರಸ್ಪರ ಮಾತು ಬಿಟ್ಟಿದ್ದಾರೆ. ಕಲ್ಲು ಗುರುಮನೆಯ ಹಿಂದಿನ ಗೋಡೆಗೆ ಒರಗಿ ನಿಂತಿದೆ. ಇದನ್ನು ನಿಮ್ಮನ್ನು ನಾಚಿಸಲು ಹೇಳುತ್ತಿಲ್ಲ. ಕಾಣಿಕೆ ಕೊಟ್ಟವರು ಕಷ್ಟಪಟ್ಟು ದುಡಿದ ಹಣವನ್ನೇ ಕೊಟ್ಟರು. ನೆಲವನ್ನು ಅಗೆದು ಅಡಿಪಾಯ ಹಾಕಿದ ಕೂಲಿಗಳ ಮಕ್ಕಳಿಗೂ ಮಾನವಿದೆ. ಆದರೆ ನಮಗಾಗಿ ಶಿಲುಬೆಗೇರಿದವರ ಹೆಸರು ಮೇಲಿರದೆ, ನಮ್ಮ ಹೆಸರುಗಳಿಗಾಗಿ ನಾವು ಹೋರಾಡಿದರೆ, ಈ ಕಟ್ಟಡಕ್ಕೆ ನೂರು ವರ್ಷವಾದರೂ ಅದರೊಳಗಿನ ಸಭೆ ಇನ್ನೂ ಕಟ್ಟಲ್ಪಟ್ಟಿಲ್ಲವೆಂದೇ ಅರ್ಥ. ನಮ್ಮ ಸಲಹೆ ಇಷ್ಟೇ. ಕಲ್ಲಿನ ಮೇಲೆ ಒಂದು ಶಿಲುಬೆಯನ್ನೂ ಎರಡು ವರ್ಷಗಳ ಅಂಕೆಗಳನ್ನೂ ಕೆತ್ತಿಸೋಣ. ಹೆಸರುಗಳೆಲ್ಲ ಧರ್ಮಕೇಂದ್ರದ ದಾಖಲೆಪುಸ್ತಕದಲ್ಲಿರಲಿ. ಅಲ್ಲಿ ಬಡವರ ಜ್ಞಾನಸ್ನಾನವೂ ಬಲ್ಲಿದರ ಜ್ಞಾನಸ್ನಾನವೂ ಒಂದೇ ಅಳತೆಯ ಸಾಲಿನಲ್ಲಿ ಬರೆಯಲ್ಪಟ್ಟಿವೆ. ನಿರ್ಧಾರ ನಿಮ್ಮದು. ಕಲ್ಲನ್ನು ನಿಲ್ಲಿಸುವ ಮುಂಚೆ ಆ ಎರಡು ಮನೆಯವರು ಒಬ್ಬರನ್ನೊಬ್ಬರು ಮಾತಾಡಿಸಬೇಕೆಂಬುದಷ್ಟೇ ನಮ್ಮ ಪ್ರಾರ್ಥನೆ.

ಇದೇ ಪತ್ರದಲ್ಲಿ ಇನ್ನೊಂದು ಮಾತಿದೆ. ಕೊರಿಂಥದ ಉಳ್ಳವರು ಮೊದಲೇ ಬಂದು ಊಟ ಮುಗಿಸುತ್ತಿದ್ದರು, ಬಡವರು ಹಸಿದಿರುತ್ತಿದ್ದರು. ಅವರಿಗೆ ಪೌಲರು ಪ್ರಭುವಿನ ಭೋಜನದ ವೃತ್ತಾಂತವನ್ನು ನೆನಪಿಸಿ, ಈ ರೊಟ್ಟಿಯನ್ನು ತಿಂದು ಈ ಪಾತ್ರೆಯಿಂದ ಕುಡಿಯುವಾಗಲೆಲ್ಲ ಪ್ರಭು ಬರುವ ತನಕ ಅವರ ಮರಣವನ್ನು ಸಾರುತ್ತೀರೆಂದು ತಿಳಿಸಿದರು. ಶಿಲುಬೆಯನ್ನು ಸಾರುವವನು ಗುರು ಮಾತ್ರವಲ್ಲ. ಬಲಿಪೂಜೆಯಲ್ಲಿ ಭಾಗವಹಿಸುವ ಪ್ರತಿಯೊಬ್ಬರೂ ಸಾರುತ್ತಾರೆ. ಬಲಿಪೀಠದ ಮೇಲೋ ಬಳಿಯೋ ಕ್ರಿಸ್ತರ ಪ್ರತಿಮೆಯುಳ್ಳ ಶಿಲುಬೆ ಇರಲೇಬೇಕೆಂದು ಧರ್ಮಸಭೆಯು ವಿಧಿಸಿರುವುದು ಅಲಂಕಾರಕ್ಕಾಗಿಯಲ್ಲ. ಜ್ಞಾನಸ್ನಾನದ ದಿನ ಗುರುವೂ ಹೆತ್ತವರೂ ಜ್ಞಾನಪಿತೃಗಳೂ ಶಿಶುವಿನ ಹಣೆಯ ಮೇಲೆ ಶಿಲುಬೆಯ ಗುರುತನ್ನು ಹಾಕುವುದು ಬರಿಯ ಸಂಪ್ರದಾಯವಲ್ಲ. ಬದುಕಿನ ಮೊದಲ ಉಪದೇಶವನ್ನು ನಾವು ಹಣೆಯ ಮೇಲೆ ಪಡೆದಿದ್ದೇವೆ.

2020ರ ತಪಸ್ಸುಕಾಲ ನಿಮಗೆ ನೆನಪಿರಬಹುದು. ಮಹಾಮಾರಿಯ ಭಯದಿಂದ ದೇಶವೆಲ್ಲ ಬಾಗಿಲು ಮುಚ್ಚಿತ್ತು. ಮಾರ್ಚ್ 27ರಂದು ಆಗಿನ ಜಗದ್ಗುರು ಫ್ರಾನ್ಸಿಸರು ಮಳೆ ಸುರಿಯುತ್ತಿದ್ದ ಸಂತ ಪೇತ್ರರ ಖಾಲಿ ಅಂಗಳದಲ್ಲಿ ಒಂದು ಹಳೆಯ ಶಿಲುಬೆಯ ಮುಂದೆ ನಿಂತು ಪ್ರಾರ್ಥಿಸಿದರು. ಅದು ರೋಮಿನ ಸಂತ ಮಾರ್ಚೆಲ್ಲೋ ದೇವಾಲಯದ ಶಿಲುಬೆ. 1519ರಲ್ಲಿ ಆ ದೇವಾಲಯ ಬೆಂಕಿಗೆ ಆಹುತಿಯಾದಾಗ ಉಳಿದುಬಂದುದು. 1522ರ ಪ್ಲೇಗಿನ ಕಾಲದಲ್ಲಿ ಜನರು ಬೀದಿಬೀದಿಗಳಲ್ಲಿ ಮೆರವಣಿಗೆಯಲ್ಲಿ ಒಯ್ದುದು. ಏಪ್ರಿಲ್ 10ರಂದು ಶುಭ ಶುಕ್ರವಾರ ಬಂದಿತು. ಅಂದು ನಾವು ಬರಿದಾದ ದೇವಾಲಯದಲ್ಲಿ ಒಬ್ಬರೇ ಶಿಲುಬೆಗೆ ಮುತ್ತಿಟ್ಟೆವು. ಉಪದೇಶ ಕೇಳಲು ಒಬ್ಬರೂ ಇರಲಿಲ್ಲ. ಆ ದಿನ ನಮಗೆ ಹೇಳಲು ಉಳಿದಿದ್ದುದೂ ಅದೊಂದೇ. ಅನಂತರ ತಿಳಿದುಬಂದ ಸಂಗತಿಯೆಂದರೆ, ಅದೇ ಮಧ್ಯಾಹ್ನ ಮೂರು ಗಂಟೆಗೆ ನಿಮ್ಮ ಎಷ್ಟೋ ಮನೆಗಳಲ್ಲಿ ಗೋಡೆಯ ಶಿಲುಬೆಯನ್ನು ಇಳಿಸಿ, ಬಿಳಿಯ ಬಟ್ಟೆಯ ಮೇಲಿಟ್ಟು, ಮಕ್ಕಳೂ ಮುದುಕರೂ ಅದಕ್ಕೆ ಮುತ್ತಿಟ್ಟಿದ್ದರು. ಯಾರೂ ಹಾಗೆ ಮಾಡಿರೆಂದು ಹೇಳಿರಲಿಲ್ಲ. ನೂರು ವರ್ಷಗಳ ಉಪದೇಶಗಳಲ್ಲಿ ಮರೆತುಹೋದುದು ಎಷ್ಟಿದ್ದರೂ, ಉಳಿಯಬೇಕಾದುದು ಉಳಿದಿದೆಯೆಂದು ಅಂದು ನಮಗೆ ಮನವರಿಕೆಯಾಯಿತು.

ಆದುದರಿಂದ ಈ ಶತಮಾನೋತ್ಸವದ ವರ್ಷದಲ್ಲಿ ನಿಮ್ಮಲ್ಲಿ ಒಂದು ಬೇಡಿಕೆಯನ್ನಿಡುತ್ತೇವೆ. ಮುಂದೆ ಇಲ್ಲಿಗೆ ಬರುವ ಗುರುಗಳು ಹೊಸ ಕಾಲದ ಹೊಸ ವಿಷಯಗಳನ್ನು ಕುರಿತು ಮಾತಾಡುವರು, ಮಾತಾಡಲೇಬೇಕು. ಸಂಸಾರ, ವಿದ್ಯೆ, ದುಡಿಮೆ, ನ್ಯಾಯ ಎಲ್ಲವನ್ನೂ ಕುರಿತು ಬೋಧಿಸಲಿ. ಆದರೆ ಅವರ ಬೋಧನೆಯಲ್ಲಿ ಶಿಲುಬೆಗೇರಿದ ಪ್ರಭು ಕಾಣದೆ ಹೋದರೆ, ಆ ವೃದ್ಧ ಉಪದೇಶಿಗಳಂತೆ ಅವರ ಪಕ್ಕದಲ್ಲಿ ಸ್ವಲ್ಪ ದೂರ ನಡೆದು, ವಿನಯದಿಂದ ಅದನ್ನು ತಿಳಿಸಿರಿ. ಗುರುಗಳಿಗೆ ವಿಶ್ವಾಸಿಗಳು ಮಾಡಬಹುದಾದ ಉಪಕಾರಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ. ನಾವು ಉಳಿದಿರುವಷ್ಟು ಕಾಲ ನಮಗೂ ಅದನ್ನು ಮಾಡಿರಿ.

ಶಿಲುಬೆಯ ಬುಡದಲ್ಲಿ ನಿಂತ ಮರಿಯಮಾತೆ ನಮ್ಮೆಲ್ಲರನ್ನೂ ಅಲ್ಲಿಯೇ ಒಟ್ಟುಗೂಡಿಸಲಿ. ಈ ದೇವಾಲಯವನ್ನು ಕಟ್ಟಿ ಮಣ್ಣಾದ ನಮ್ಮ ಹಿರಿಯರಿಗೆ ಪ್ರಭು ನಿತ್ಯಶಾಂತಿಯನ್ನು ಕರುಣಿಸಲಿ. ಪಿತನ, ಸುತನ ಹಾಗೂ ಪವಿತ್ರಾತ್ಮನ ಆಶೀರ್ವಾದವು ನಿಮ್ಮ ಮನೆಗಳ ಮೇಲೆ ಇರಲಿ. ಆಮೆನ್.